ಕಡಲಾಚೆಯ ಮಾವಶಿ

ನನ್ನ ಮೈದುನನ ಮಗಳು ಓದಲು ಜರ್ಮನಿಗೆ ಹೊರಟಿದ್ದಳು. ಪರೀಕ್ಷೆಗಳೆಲ್ಲ ಮುಗಿದಿದ್ದರೂ ದಿನವೂ ಸಂಜೆ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದಳು. ಇನ್ನೂ ಏನು ಓದುವುದಿದೆ ಎಂದು ಕೇಳಿದರೆ, "ದೊಡ್ಡವ್ವಾ, ಇದು ಪುಸ್ತಕದ ಪಾಠ ಅಲ್ಲ, ಅಲ್ಲಿ ಹೆಂಗ ಇರಬೇಕು ಅನ್ನೋದರ ಪಾಠ" ಎಂದು ನಕ್ಕಳು.

ಕುತೂಹಲ ತಡೆಯಲಾರದೆ ಒಂದು ಸಂಜೆ ನಾನೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಪರದೆಯ ಮೇಲೆ ಚೌಕ ಚೌಕವಾಗಿ ಹತ್ತು ಹನ್ನೆರಡು ಮುಖಗಳು. ಕೆಲವರು ಅಲ್ಲಿಯವರು, ಕೆಲವರು ಬೇರೆ ಬೇರೆ ದೇಶಗಳಿಂದ ಹೊರಟು ನಿಂತವರು. ಅಂದಿನ ಪ್ರಶ್ನೆ ಬಹಳ ಸಣ್ಣದು: ಊಟಕ್ಕೆ ಕರೆದ ಮನೆಯಲ್ಲಿ ಇನ್ನಷ್ಟು ಬಡಿಸಲು ಬಂದರೆ ನೀವು ಏನು ಹೇಳುತ್ತೀರಿ? ನಮ್ಮ ಹುಡುಗಿ ಹೇಳಿದಳು, ಮೊದಲು ಬೇಡ ಅನ್ನುತ್ತೇವೆ, ಅವರು ಮತ್ತೆ ಒತ್ತಾಯ ಮಾಡುತ್ತಾರೆ, ಮೂರನೆಯ ಸಲಕ್ಕೆ ಹಾಕಿಸಿಕೊಳ್ಳುತ್ತೇವೆ. ಅಲ್ಲಿಯ ಹುಡುಗನೊಬ್ಬ ಕಣ್ಣರಳಿಸಿ ಕೇಳಿದ, "ಹಾಗಾದರೆ ನಿಜವಾಗಿ ಬೇಡವಾದಾಗ ಏನು ಮಾಡುತ್ತೀರಿ?" ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಏಕೆಂದರೆ 2009ರಲ್ಲಿ ನನ್ನ ಮಗಳು ಇಂಗ್ಲೆಂಡಿಗೆ ಓದಲು ಹೋದಾಗ ಇಂಥ ಪಾಠವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಚಟ್ನಿಪುಡಿ, ಉಣ್ಣೆಯ ಸ್ವೆಟರು, ಕುಕ್ಕರು ಎಲ್ಲ ಕಟ್ಟಿ ಕಳಿಸಿದ್ದೆವು. ಹೋದ ಹೊಸತರಲ್ಲಿ ಒಂದು ರಾತ್ರಿ ಫೋನು ಬಂತು. ಯಾರದೋ ಮನೆಗೆ ಊಟಕ್ಕೆ ಹೋಗಿದ್ದಳಂತೆ. ಮರ್ಯಾದೆಗೆ ಬೇಡ ಅಂದಳಂತೆ. "ಅಮ್ಮಾ, ಅವರು ಇನ್ನೊಂದು ಸಲ ಕೇಳಲೇ ಇಲ್ಲ" ಎಂದು ಅತ್ತಳು. ಹಸಿದುಕೊಂಡು ಕೋಣೆಗೆ ಬಂದಿದ್ದಳು. ಅತ್ತದ್ದು ಹಸಿವಿಗಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಹೊಂದಿಕೊಂಡು ಹೋಗಮ್ಮ."

ಈ ಮಾತು ನಮ್ಮ ಹೆಂಗಸರಿಗೆ ಹೊಸದಲ್ಲ. ತುಮಕೂರಿನ ಕಡೆಯ ನಾನು ಮದುವೆಯಾಗಿ ಬೆಳಗಾವಿಗೆ ಬಂದಾಗ ನನ್ನಮ್ಮ ಇದೇ ಮಾತನ್ನು ಸೆರಗಿಗೆ ಕಟ್ಟಿ ಕಳಿಸಿದ್ದಳು. ರಾಗಿಮುದ್ದೆ ಉಂಡು ಬೆಳೆದವಳು ಜೋಳದ ಹಿಟ್ಟಿನ ಮುಂದೆ ಕುಳಿತಾಗ, "ಏನವಾ, ರೊಟ್ಟಿ ಬಡಿಲಿಕ್ಕೆ ಬರೂದಿಲ್ಲೇನ?" ಎಂದು ಅತ್ತೆಯವರು ಸಹಜವಾಗಿಯೇ ಕೇಳಿದರು. ಅದು ಬೈಗಳಲ್ಲ, ಬರಿಯ ಪ್ರಶ್ನೆ ಎಂದು ತಿಳಿಯಲು ನನಗೆ ವರ್ಷ ಹಿಡಿಯಿತು. ಕನ್ನಡವೇ ಆಡುವ ಎರಡು ಮನೆಗಳ ನಡುವೆ ಇಷ್ಟು ದೂರವಿದ್ದರೆ ಕಡಲಿನ ಎರಡು ದಡಗಳ ನಡುವೆ ಎಷ್ಟಿದ್ದೀತು!

ಆ ಸಂಜೆಯ ನಂತರ ನನಗೆ ಪದೇಪದೇ ನೆನಪಾದವಳು ಆನಂದೀಬಾಯಿ ಜೋಶಿ. ಅಮೆರಿಕಕ್ಕೆ ಹೋಗಿ ವೈದ್ಯೆಯಾಗಿ ಬಂದವಳೆಂದು ಅವಳ ಕಥೆ ಬಹಳ ಮಂದಿಗೆ ಗೊತ್ತು. ಆದರೆ ಹಡಗು ಹತ್ತುವ ಮೊದಲಿನ ಅವಳ ತಯಾರಿಯ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ.

ಆನಂದಿ ಹುಟ್ಟಿದ್ದು 1865ರ ಮಾರ್ಚ್ 31ರಂದು. ತವರಿನ ಹೆಸರು ಯಮುನಾ, ಊರು ಕಲ್ಯಾಣ. ಒಂಬತ್ತನೆಯ ವಯಸ್ಸಿಗೆ ಮದುವೆ. ಗಂಡ ಗೋಪಾಳರಾವ್ ಅಂಚೆ ಇಲಾಖೆಯ ಗುಮಾಸ್ತ, ವಯಸ್ಸಿನಲ್ಲಿ ಬಹಳ ಹಿರಿಯ. ಹೆಂಡತಿ ಓದಲೇಬೇಕೆಂಬ ಹಟ ಅವನದು. ಹಟವೆಂದರೆ ಎಂಥ ಹಟ! ಓದಲಿಲ್ಲವೆಂದು ಹೊಡೆದದ್ದನ್ನೂ ಪುಸ್ತಕ, ಕುರ್ಚಿ ಎತ್ತಿ ಎಸೆದದ್ದನ್ನೂ ಅವಳೇ ಮುಂದೆ ಅಮೆರಿಕದಿಂದ ಅವನಿಗೇ ಬರೆದ ಪತ್ರದಲ್ಲಿ ನೆನಪಿಸಿದ್ದಾಳೆ. ಹದಿನಾಲ್ಕಕ್ಕೆ ಗಂಡುಮಗು ಹುಟ್ಟಿ ಹತ್ತು ದಿನಕ್ಕೆ ತೀರಿಕೊಂಡಿತು. ಹೆಂಗಸರನ್ನು ನೋಡಲು ಹೆಣ್ಣು ವೈದ್ಯರಿಲ್ಲದ ಕಾಲ. ತಾನೇ ಡಾಕ್ಟರಾಗಬೇಕೆಂಬ ಆಸೆ ಅವಳಲ್ಲಿ ಹುಟ್ಟಿದ್ದು ಆ ಬಾಣಂತಿಕೋಣೆಯ ದುಃಖದಲ್ಲಿ.

ಗೋಪಾಳರಾವ್ ಕೊಲ್ಹಾಪುರದಲ್ಲಿ ಕೆಲಸ ಮಾಡಿದವನು. ನಮ್ಮ ಬೆಳಗಾವಿಯಿಂದ ಬಸ್ಸಿನಲ್ಲಿ ಎರಡು ಮೂರು ತಾಸಿನ ದಾರಿ. ಅಲ್ಲಿ ಮಿಷನ್ ಸ್ಥಾಪಿಸಿ ಬಹುಕಾಲ ಇದ್ದು ಅಮೆರಿಕಕ್ಕೆ ಮರಳಿದ್ದ ರಾಯಲ್ ವೈಲ್ಡರ್ ಎಂಬ ಪಾದ್ರಿಗೆ ಹೆಂಡತಿಯ ಓದಿಗೆ ಸಹಾಯ ಕೋರಿ ಪತ್ರ ಬರೆದ. ಕ್ರೈಸ್ತರಾದರೆ ಸಹಾಯ ಮಾಡಬಹುದೆಂಬ ಉತ್ತರ ಬಂತು. ಮತ ಬಿಡಲು ದಂಪತಿಗಳು ಒಪ್ಪಲಿಲ್ಲ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ವೈಲ್ಡರ್ ಆ ಪತ್ರಗಳನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಮಾಡಿಸಿದ್ದ. 1880ರಲ್ಲಿ ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೊಡಿಷಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ಡಾಕ್ಟರ ಬಳಿ ಸರದಿಗಾಗಿ ಕಾಯುತ್ತ ಕೈಗೆ ಸಿಕ್ಕ ಹಳೆಯ ಪತ್ರಿಕೆ ತಿರುವಿದಳು. ಮನಸ್ಸು ಕರಗಿತು. ಮನೆಗೆ ಬಂದು ಗುರುತು ಪರಿಚಯವಿಲ್ಲದ ಆ ಹುಡುಗಿಗೆ ಕಾಗದ ಬರೆದಳು.

ಅಲ್ಲಿಂದ ಮೂರು ವರ್ಷ ಕಾಗದಗಳು ಕಡಲು ದಾಟಿದವು. ಒಂದು ಹೋಗಿ ಉತ್ತರ ಬರಲು ತಿಂಗಳುಗಳೇ ಬೇಕು. ಒಬ್ಬಳಿಗೆ ಹಿಂದೂ ಮನೆಯ ಹಬ್ಬ, ಮದುವೆ, ಮಡಿ ತಿಳಿಯುವ ಆಸೆ. ಇನ್ನೊಬ್ಬಳಿಗೆ ಅಮೆರಿಕದ ಹೆಂಗಸರು ಹೇಗೆ ಬದುಕುತ್ತಾರೆಂಬ ಕುತೂಹಲ. ಧರ್ಮದ ಬಗ್ಗೆ, ಹೆಣ್ಣಿನ ಸ್ಥಾನದ ಬಗ್ಗೆ ಚರ್ಚೆ ನಡೆಯಿತು. ಎಲ್ಲಕ್ಕೂ ಹೂಂಗುಟ್ಟುವವಳಲ್ಲ ಆನಂದಿ, ತನ್ನವರ ಆಚಾರಗಳನ್ನು ಸಮರ್ಥಿಸಿಕೊಂಡದ್ದೂ ಉಂಟು. ಕಲ್ಕತ್ತೆಯಲ್ಲಿದ್ದಾಗ ಅವಳಿಗೆ ತಲೆನೋವು, ಜ್ವರ, ಏದುಸಿರು ಕಾಡಿದವು. ಥಿಯೊಡಿಷಿಯಾ ಅಮೆರಿಕದಿಂದ ಔಷಧಿ ಕಳಿಸಿದಳು, ಗುಣ ಕಾಣಲಿಲ್ಲ. ಹೊತ್ತು ಹೋದಂತೆ ಆ ಅಮೆರಿಕನ್ ಗೃಹಿಣಿ ಇವಳಿಗೆ 'ಮಾವಶಿ'ಯಾದಳು. ನಮ್ಮ ಈ ಭಾಗದಲ್ಲಿ ಕನ್ನಡದ ಮನೆಗಳಲ್ಲೂ ತಾಯಿಯ ತಂಗಿಯನ್ನು ಕರೆಯುವುದು ಹಾಗೆಯೇ. ಮುಖವನ್ನೇ ನೋಡದೆ ಬೆಸೆದ ನಂಟು ಅದು.

1883ರ ಫೆಬ್ರವರಿ 24ರಂದು ಸೆರಾಂಪುರ ಕಾಲೇಜಿನ ಸಭಾಂಗಣದಲ್ಲಿ ಆನಂದಿ ಜನರ ಮುಂದೆ ನಿಂತಳು. ವಯಸ್ಸು ಹದಿನೆಂಟೂ ತುಂಬಿಲ್ಲ. ಯಾಕೆ ಹೋಗುತ್ತೀ, ಇಲ್ಲೇ ಓದಬಾರದೇ, ಒಬ್ಬಳೇ ಏಕೆ, ಜಾತಿಯಿಂದ ಹೊರಹಾಕಿದರೆ ಏನು ಮಾಡುತ್ತೀ ಎಂದು ಜನ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ತಾನೇ ಎತ್ತಿಕೊಂಡು ಒಂದೊಂದಕ್ಕೂ ಉತ್ತರ ಕೊಟ್ಟಳು. ಹಿಂದುವಾಗಿ ಹೋಗಿ ಹಿಂದುವಾಗಿಯೇ ಮರಳುವೆನೆಂದಳು. ಏಪ್ರಿಲ್ 7ರಂದು ಗಂಡನನ್ನು ಬಿಟ್ಟು, ಪರಿಚಯದ ಮಿಷನರಿ ಹೆಂಗಸರ ಜೊತೆ ಹಡಗು ಹತ್ತಿದಳು. ಜೂನ್ 4ರಂದು ನ್ಯೂಯಾರ್ಕಿನಲ್ಲಿ ಇಳಿದಾಗ ಮಾವಶಿ ಕಾದಿದ್ದಳು. ಆ ಬೇಸಿಗೆಯೆಲ್ಲ ಅವಳ ಮನೆಯಲ್ಲೇ ಇದ್ದು ನಂತರ ಫಿಲಡೆಲ್ಫಿಯಾದ ಹೆಂಗಸರ ವೈದ್ಯಕೀಯ ಕಾಲೇಜಿಗೆ ಸೇರಿದಳು.

ಆ ಕಾಲೇಜಿನಲ್ಲಿ 1885ರ ಅಕ್ಟೋಬರ್ 10ರಂದು ತೆಗೆದ ಒಂದು ಫೋಟೋ ಇದೆ. ಸೀರೆಯುಟ್ಟ ಆನಂದಿ, ಜಪಾನಿನ ಕಿಮೋನೊ ತೊಟ್ಟ ಕೇ ಒಕಾಮಿ, ಸಿರಿಯಾದ ಉಡುಪಿನ ಸಬಾತ್ ಇಸ್ಲಾಂಬೂಲಿ. ಮೂವರೂ ಒಂದೇ ವಿದ್ಯೆಗೆ ಬಂದವರು, ಮೂವರ ಉಡುಗೆಯೂ ಅವರವರ ನಾಡಿನದು. ಈ ಚಿತ್ರ ನೋಡಿದಾಗಲೆಲ್ಲ, ಕಲಿಯುವುದೆಂದರೆ ತನ್ನದನ್ನು ಕಳಚಿಡುವುದಲ್ಲ ಎಂದು ನನಗೆ ಅನಿಸುತ್ತದೆ.

1886ರ ಮಾರ್ಚ್ 11ರಂದು ಆನಂದಿ ಪದವೀಧರೆಯಾದಳು. ಸಮಾರಂಭಕ್ಕೆ ಪಂಡಿತಾ ರಮಾಬಾಯಿ ಬಂದಿದ್ದರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಅಮೆರಿಕದಲ್ಲಿ ಕಂಡದ್ದನ್ನೆಲ್ಲ ಅವರು 1889ರಲ್ಲಿ ಮರಾಠಿಯಲ್ಲಿ ಪುಸ್ತಕ ಮಾಡಿ ಪ್ರಕಟಿಸಿದರು. ಹೋಗಿ ಬಂದವರು ಮನೆಯಲ್ಲಿದ್ದವರಿಗೆ ಹೇಳಿದ ಪಾಠ ಅದು.

ಆದರೆ ಪತ್ರಗಳು ಎಲ್ಲವನ್ನೂ ಕಲಿಸಲಿಲ್ಲ. ಮನಸ್ಸನ್ನು ಸಿದ್ಧ ಮಾಡಿದ ಕಾಗದಗಳಿಗೆ ಮೈಯನ್ನು ಚಳಿಯಿಂದ ಕಾಯಲಾಗಲಿಲ್ಲ. ಪರದೇಶದ ಥಂಡಿ, ಒಗ್ಗದ ಊಟ, ಮೊದಲೇ ಇದ್ದ ಅಶಕ್ತತೆ ಸೇರಿ ಕ್ಷಯ ಅಂಟಿಕೊಂಡಿತು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಿಭಾಗ ಅವಳ ದಾರಿ ಕಾಯುತ್ತಿತ್ತು. ಆ ಕೆಲಸ ಕೈಗೂಡಲೇ ಇಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಾಗ ಇಪ್ಪತ್ತೆರಡು ತುಂಬಲು ಇನ್ನೂ ಒಂದು ತಿಂಗಳಿತ್ತು. ಚಿತಾಭಸ್ಮವನ್ನು ಮಾವಶಿಗೆ ಕಳಿಸಿದರು. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ, ಕಾರ್ಪೆಂಟರ್ ಮನೆತನದ ಸ್ಮಶಾನದಲ್ಲಿ ಅದು ಇಂದಿಗೂ ಇದೆ. ಕಾಗದದಲ್ಲಿ ಶುರುವಾದ ಸಂಬಂಧ ಒಂದೇ ಮನೆತನದ ಮಣ್ಣು ಸೇರಿತು.

ಪರದೇಶದಲ್ಲಿ ಓದುವವರ ಈ ಒಳನೋವನ್ನು ವಿದ್ವಾಂಸರು ಲೆಕ್ಕಕ್ಕೆ ತೆಗೆದುಕೊಂಡದ್ದು ಬಹಳ ತಡವಾಗಿ. 1955ರಲ್ಲಿ ನಾರ್ವೆಯ ಲಿಸ್‌ಗಾರ್ಡ್ ಎಂಬವರು ಅಮೆರಿಕಕ್ಕೆ ಹೋಗಿ ಬಂದ 200 ನಾರ್ವೆಯವರನ್ನು ಮಾತಾಡಿಸಿ, ಮೊದಲು ಉತ್ಸಾಹ, ಕೆಲವು ತಿಂಗಳ ನಂತರ ಕುಸಿತ, ಆಮೇಲೆ ಚೇತರಿಕೆ ಎಂದು ಬರೆದರು. 1960ರಲ್ಲಿ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು ಇದನ್ನೇ 'ಕಲ್ಚರ್ ಶಾಕ್' ಎಂದು ವಿವರಿಸಿದರು. 1963ರಲ್ಲಿ ಗಲಾಹಾರ್ನ್ ದಂಪತಿಗಳು, ಮನೆಗೆ ಮರಳಿದ ಮೇಲೆ ಅದೇ ಏರಿಳಿತ ಇನ್ನೊಂದು ಸಲ ಬರುತ್ತದೆ ಎಂದು ತೋರಿಸಿದರು. ತವರಿಗೆ ಬಂದ ಮಗಳಿಗೆ ತವರೂ ಹೊಸದಾಗಿ ಕಾಣುವುದು ನಮಗೇನು ಗೊತ್ತಿಲ್ಲದ್ದೇ?

ಅಂತರ್ಜಾಲ ಬಂದ ಮೇಲೆ ಕಾಗದದ ಕೆಲಸವನ್ನು ಪರದೆ ಮಾಡತೊಡಗಿತು. 1997ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ 'ಕುಲ್ತುರಾ' ಎಂಬ ಯೋಜನೆ ಶುರುವಾಯಿತು. ಅಲ್ಲಿಯ ಮತ್ತು ಫ್ರಾನ್ಸಿನ ವಿದ್ಯಾರ್ಥಿಗಳು ಒಂದೇ ಶಬ್ದ ಕೇಳಿ ಮನಸ್ಸಿಗೆ ಬಂದದ್ದನ್ನು ತಮ್ಮ ತಮ್ಮ ಭಾಷೆಯಲ್ಲೇ ಬರೆಯಬೇಕು. 'ವ್ಯಕ್ತಿವಾದ' ಎಂದರೆ ಅಮೆರಿಕದವರು ಸ್ವಾತಂತ್ರ್ಯ ಎಂದು ಬರೆದರೆ ಫ್ರಾನ್ಸಿನವರು ಸ್ವಾರ್ಥ ಎಂದು ಬರೆದರು. ಶಬ್ದ ಒಂದೇ, ಅದರ ಒಳಮನೆ ಬೇರೆ. 2003ರಲ್ಲಿ ಕ್ಯಾಲಿಫೋರ್ನಿಯಾದ ಪೆಸಿಫಿಕ್ ವಿಶ್ವವಿದ್ಯಾಲಯ ಓದಲು ಪರದೇಶಕ್ಕೆ ಹೊರಡುವವರಿಗಾಗಿ ಅಂತರ್ಜಾಲದಲ್ಲೇ ಒಂದು ಪಾಠಮಾಲೆ ತೆರೆಯಿತು. ಹೋಗುವ ಮೊದಲು ಒಂದು ಭಾಗ, ಮರಳಿದ ಮೇಲೆ ಇನ್ನೊಂದು. 2020ರಲ್ಲಿ ಕೋವಿಡ್ ಬಂದು ವಿಮಾನಗಳು ನಿಂತಾಗ ಇಂಥ ಪಾಠಗಳೇ ಎಷ್ಟೋ ವಿದ್ಯಾರ್ಥಿಗಳಿಗೆ ಪರದೇಶವಾದವು.

ಪರದೆಗೆ ಕಾಗದದ ಬಿಸುಪು ಇದೆಯೇ ಎಂದರೆ ನನಗೆ ಸಂದೇಹ. ಒಂದು ಗಂಟೆ ಮಾತಾಡಿ ಗುಂಡಿ ಒತ್ತಿದರೆ ಮುಖಗಳೆಲ್ಲ ಮಾಯ. ಥಿಯೊಡಿಷಿಯಾಳಂತೆ ಬಂದರಿನಲ್ಲಿ ಕಾಯುವವರು ಎಲ್ಲರಿಗೂ ಸಿಗುವುದಿಲ್ಲ. ಆದರೂ ಒಂದು ಗುಣ ಎರಡಕ್ಕೂ ಸಮಾನ. ಅಲ್ಲಿ ಯಾರೂ "ಹೊಂದಿಕೋ" ಎನ್ನುವುದಿಲ್ಲ. "ನಿಮ್ಮಲ್ಲಿ ಹೇಗೆ?" ಎಂದು ಕೇಳುತ್ತಾರೆ. ಹೊಂದಿಕೊಳ್ಳುವ ಭಾರ ಹೋದವಳೊಬ್ಬಳ ತಲೆಯ ಮೇಲೆ ಬೀಳದೆ ಎರಡೂ ಕಡೆ ಹಂಚಿಹೋಗುತ್ತದೆ.

ಹುಡುಗಿ ಹೊರಟ ರಾತ್ರಿ ಮನೆ ಖಾಲಿಯೆನಿಸಿತು. ನನ್ನ ಮಗಳಿಗೆ ಫೋನು ಮಾಡಿದೆ. ಅವಳೀಗ ಪುಣೆಯಲ್ಲಿ ಸಂಸಾರಸ್ಥೆ. "ಅವತ್ತು ಊಟಕ್ಕೆ ಹೋಗಿದ್ದೆಯಲ್ಲ, ಆ ಮನೆಯಲ್ಲಿ ಏನು ಮಾಡಿದ್ದರು?" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇಷ್ಟು ವರ್ಷದ ಮೇಲೆ ಕೇಳುತ್ತಿದ್ದೀಯಲ್ಲಮ್ಮ" ಎಂದಳು. ಹಾಗೆಂದವಳು ಸುಮ್ಮನಾಗಲಿಲ್ಲ. ಆ ಮನೆಯ ಮೇಜು, ಬೇಯಿಸಿದ ಆಲೂಗಡ್ಡೆ, ಕಿಟಕಿಯಾಚೆಯ ಮಳೆ, ದಾರಿಯುದ್ದಕ್ಕೂ ತಾನು ಲೆಕ್ಕ ಹಾಕುತ್ತ ಬಂದ ದೀಪದ ಕಂಬಗಳು, ಎಲ್ಲವನ್ನೂ ಹೇಳಿದಳು. ನಾನು ನಡುವೆ ಬುದ್ಧಿ ಹೇಳಲು ಹೋಗಲಿಲ್ಲ. ಗಡಿಯಾರ ಹನ್ನೆರಡು ಹೊಡೆಯುವ ತನಕ ಕೇಳುತ್ತ ಕುಳಿತಿದ್ದೆ.