ಕಾಗದದ ಕೌದಿ

ಅಂಟಿಸಿ ಕೂಡಿಸಿದ ಹೊತ್ತಗೆಯನ್ನು ವಿದ್ವಾಂಸರು ಗ್ರಂಥವೆಂದು ಎಣಿಸುವುದು ಅಪರೂಪ. ಬರೆದವನಿಗೆ ಕವಿಯೆಂದೂ, ಟೀಕೆ ಮಾಡಿದವನಿಗೆ ವ್ಯಾಖ್ಯಾನಕಾರನೆಂದೂ ಹೆಸರುಂಟು. ಕತ್ತರಿಯನ್ನೂ ಅಂಟನ್ನೂ ಹಿಡಿದು, ಚಿತ್ರ, ಪತ್ರ, ಒಣಗಿದ ಹೂವು, ಬಣ್ಣ ಬಳಿದ ರಟ್ಟಿನ ತುಣುಕು ಇವನ್ನೆಲ್ಲ ಒಂದು ಹಾಳೆಯ ಮೇಲೆ ಅಳವಡಿಸಿದವರಿಗೆ ಯಾವ ಹೆಸರೂ ಇಲ್ಲ. ಅದು ಬಿಡುವಿನ ವೇಳೆಯ ಆಟ, ಹೆಂಗಸರ ಹಾಗೂ ಮಕ್ಕಳ ವಿನೋದ ಎಂದು ತಳ್ಳಿಬಿಡುವುದು ವಾಡಿಕೆಯಾಗಿದೆ. ಆದರೆ ಚರಿತ್ರೆಯನ್ನು ಸಾವಧಾನವಾಗಿ ನೋಡಿದರೆ ಈ ವಿನೋದವು ಅರಮನೆಗಳಲ್ಲಿ ಬೆಳೆದ ಶ್ರೇಷ್ಠ ಕಲೆಯೆಂಬುದೂ, ಅಂಟಿಸಿದ ಹೊತ್ತಗೆಗಳು ಉಳಿಸಿಕೊಟ್ಟುದನ್ನು ಅಚ್ಚಾದ ಪುಸ್ತಕಗಳು ಎಷ್ಟೋ ಸಲ ಉಳಿಸಿಕೊಡಲಾರದೆ ಹೋದುವೆಂಬುದೂ ತಿಳಿದುಬರುತ್ತದೆ. ವಾಚಕರ ಅವಗಾಹನೆಗೆ ಆ ಚರಿತ್ರೆಯ ಕೆಲವು ಮುಖ್ಯಾಂಶಗಳನ್ನು ಇಲ್ಲಿ ಸಂಗ್ರಹಿಸಿದೆ.

ಪಾರಸಿ ಭಾಷೆಯಲ್ಲಿ ಇಂತಹ ಸಂಪುಟಕ್ಕೆ ಮುರಕ್ಕಾ ಎಂದು ಹೆಸರು. ಅರಬ್ಬಿ ಮೂಲದ ಈ ಶಬ್ದಕ್ಕೆ ತೇಪೆ ಹಾಕಿದುದು ಎಂದರ್ಥ. ಸೂಫಿ ಸಾಧುಗಳು ತೊಡುತ್ತಿದ್ದ ತೇಪೆಯ ನಿಲುವಂಗಿಗೂ ಅದೇ ಹೆಸರು. ಸಂಸ್ಕೃತದ ಕಂಥಾ ಶಬ್ದವೂ ನಮ್ಮ ಉತ್ತರದ ಜಿಲ್ಲೆಗಳ ಕೌದಿಯೂ ಇದೇ ಜಾತಿಯವು. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಯಲ್ಲಿ ಪ್ರತಿಯೊಂದು ತುಂಡಿಗೂ ಹಿಂದಿನ ಕಥೆಯೊಂದಿರುವಂತೆ, ಮುರಕ್ಕಾ ಸಂಪುಟದ ಒಂದೊಂದು ಹಾಳೆಗೂ ಹಿಂದಿನ ಬಾಳೊಂದಿದೆ. ಹೆಸರಿಟ್ಟವರು ಮರ್ಮವನ್ನು ಅರಿತೇ ಇಟ್ಟರೆನ್ನಬೇಕು.

ಕ್ರಿ. ಶ. 15ನೆಯ ಶತಮಾನದಲ್ಲಿ ತೈಮೂರನ ವಂಶದ ಅರಸರ ಆಶ್ರಯದಲ್ಲಿ ಈ ಕಲೆ ಬೆಳೆಯಿತು. ಪ್ರಸಿದ್ಧ ಲಿಪಿಕಾರರು ಬರೆದ ಬಿಡಿ ಹಾಳೆಗಳನ್ನೂ ಚಿತ್ರಕಾರರ ರೇಖಾಚಿತ್ರಗಳನ್ನೂ ಹುಡುಕಿ ತಂದು, ಒಂದೇ ಅಳತೆಯ ರಟ್ಟುಗಳ ಮೇಲೆ ಅಂಟಿಸಿ, ಸುತ್ತಲೂ ಅಂಚು ಕಟ್ಟಿ ಸಂಪುಟ ಮಾಡುತ್ತಿದ್ದರು. ಇರಾನಿನ ರಾಜಕುಮಾರ ಬಹ್ರಾಮ್ ಮಿರ್ಜಾನಿಗಾಗಿ 1544ರ ಸುಮಾರಿಗೆ ಸಿದ್ಧವಾದ ಸಂಪುಟಕ್ಕೆ ದೋಸ್ತ್ ಮುಹಮ್ಮದ್ ಎಂಬ ಲಿಪಿಕಾರನು ಪೀಠಿಕೆಯೊಂದನ್ನು ಬರೆದನು. ಹಿಂದಿನ ಲಿಪಿಕಾರರ ಮತ್ತು ಚಿತ್ರಕಾರರ ಪರಂಪರೆಯನ್ನು ಅವನು ಅಲ್ಲಿ ಕ್ರಮವಾಗಿ ಹೇಳಿದ್ದಾನೆ. ಪಾರಸಿ ಚಿತ್ರಕಲೆಯ ಚರಿತ್ರೆಯನ್ನು ಬರೆಯುವವರಿಗೆ ಇಂದಿಗೂ ಆ ಪೀಠಿಕೆಯೇ ಮುಖ್ಯ ಆಧಾರಗಳಲ್ಲೊಂದು. ಅಂಟಿಸುವ ಕೆಲಸವು ಬರಿಯ ಆಟವಾಗಿದ್ದಲ್ಲಿ ಅದಕ್ಕೆ ಇಂತಹ ಪೀಠಿಕೆ ಏಕೆ ಬೇಕಾಗುತ್ತಿತ್ತು?

ಮೊಗಲರೊಡನೆ ಈ ವಿದ್ಯೆ ಭರತಖಂಡಕ್ಕೆ ಬಂದಿತು. ಇಲ್ಲಿ ಹಾಳೆಗೆ ಆಧಾರವಾದ ರಟ್ಟನ್ನು ವಸ್ಲಿ ಎಂದು ಕರೆದರು. ಕೂಡುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಶಬ್ದವಿದು. ತೆಳುವಾದ ಕಾಗದಗಳನ್ನು ಹಿಟ್ಟಿನ ಸರಿಯಿಂದ ಒಂದರ ಮೇಲೊಂದಾಗಿ ಅಂಟಿಸಿ, ಭಾರವಿಟ್ಟು ಒಣಗಿಸಿ, ನುಣುಪಾದ ಕಲ್ಲಿನಿಂದ ತಿಕ್ಕಿ ಹೊಳಪು ಕೊಡುತ್ತಿದ್ದರು. ಹುಳು ಬೀಳದಿರಲೆಂದು ಸರಿಯಲ್ಲಿ ಸ್ವಲ್ಪ ಮೈಲುತುತ್ತವನ್ನು ಕೂಡಿಸುವ ಪದ್ಧತಿಯೂ ಉಂಟು. ಒಂದೇ ಕಾಗದವು ಹವೆಯ ತೇವಕ್ಕೆ ಸುರುಟಿಕೊಳ್ಳುವುದು. ಹಲವು ಪದರಗಳು ಕೂಡಿದರೆ ಒಂದರ ಸೆಳೆತವನ್ನು ಇನ್ನೊಂದು ತಡೆದು ರಟ್ಟು ನೇರವಾಗಿ ನಿಲ್ಲುವುದು.

ಈ ಕಲೆಯಲ್ಲಿ ಜಹಾಂಗೀರನಿಗಿದ್ದ ಆಸಕ್ತಿ ಅಸಾಧಾರಣವಾದುದು. ಗುಲ್ಶನ್ ಎಂದು ಪ್ರಸಿದ್ಧವಾದ ಅವನ ಸಂಪುಟದಲ್ಲಿ ಪಾರಸಿ ಲಿಪಿಕಾರರ ಬರಹಗಳ ಜತೆಗೆ, ಪಾದ್ರಿಗಳೂ ವರ್ತಕರೂ ತಂದ ಐರೋಪ್ಯ ಮುದ್ರಿತ ಚಿತ್ರಗಳನ್ನೂ ಅಳವಡಿಸಿದ್ದಾರೆ. ಸುತ್ತಲಿನ ಅಂಚುಗಳಲ್ಲಿ ಹೊನ್ನಿನ ರೇಖೆಯಿಂದ ಮನುಷ್ಯರ ಆಕೃತಿಗಳನ್ನು ಬರೆದಿದ್ದಾರೆ. ಈಗ ವಾಷಿಂಗ್ಟನ್ನಿನ ಫ್ರೀರ್ ಸಂಗ್ರಹಾಲಯದಲ್ಲಿರುವ ಜಹಾಂಗೀರನ ಒಂದು ಹಾಳೆಯ ಅಂಚು ವಿಶೇಷವಾಗಿ ಗಮನಾರ್ಹ. ಕಾಗದವನ್ನು ತಿಕ್ಕಿ ನುಣುಪು ಮಾಡುವವನು, ಹೊತ್ತಗೆಯನ್ನು ಕಟ್ಟುವವನು, ಹೊನ್ನನ್ನು ಕರಗಿಸುವವನು, ಇಂತಹ ಕೆಲಸಗಾರರೇ ಅಲ್ಲಿನ ಚಿತ್ರದ ವಸ್ತು. ಹೆಸರಿಲ್ಲದೆ ದುಡಿದವರಿಗೆ ಕಡೆಗೆ ಅಂಚಿನಲ್ಲಾದರೂ ಸ್ಥಳ ದೊರೆಯಿತು.

ಕನ್ನಡನಾಡಿಗೂ ಈ ಚರಿತ್ರೆಗೂ ಇರುವ ನಂಟು ಸಣ್ಣದಲ್ಲ. ವಿಜಾಪುರದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹನು 1580ರಿಂದ 1627ರ ವರೆಗೆ ಆಳಿದನು. ಕಿತಾಬ್-ಎ-ನೌರಸ್ ಎಂಬ ಗೀತಗ್ರಂಥವನ್ನು ರಚಿಸಿ, ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ ಈ ಅರಸನ ಸಂಗೀತಪ್ರೇಮವು ಲೋಕವಿದಿತ. ಅವನು ತಂಬೂರಿ ನುಡಿಸುತ್ತಿರುವ ಚಿತ್ರವೊಂದು ಜಹಾಂಗೀರನ ಸಂಪುಟಕ್ಕೆ ಸೇರಿ, ಈಗ ಪ್ರಾಗ್ ನಗರದಲ್ಲಿದೆ. ಇದಕ್ಕಿಂತಲೂ ವಿಶೇಷವಾದುದೆಂದರೆ ವಿಜಾಪುರದ ಅಬರಿ ಚಿತ್ರಗಳು. ಅಬರಿ ಎಂದರೆ ಮೋಡದಂತಿರುವುದು. ಲೋಳೆಯಾಗಿ ಗಟ್ಟಿಮಾಡಿದ ನೀರಿನ ಮೇಲೆ ಬಣ್ಣಗಳನ್ನು ತೇಲಿಸಿ, ಕದಡಿ, ಮೇಲೆ ಕಾಗದವನ್ನು ಹರಡಿ ಎತ್ತಿದರೆ ಮೋಡಗಳಂತಹ ಸುಳಿಗಳು ಅದರ ಮೇಲೆ ಮೂಡುತ್ತವೆ. ಇತರ ದೇಶಗಳಲ್ಲಿ ಇದನ್ನು ಅಂಚಿಗೂ ರಟ್ಟಿನ ಹೊದಿಕೆಗೂ ಬಳಸಿದರು. ದಖ್ಖಣದ ಚಿತ್ರಕಾರರಾದರೋ ಬೇಡದ ಭಾಗಗಳಿಗೆ ಬಣ್ಣ ತಗಲದಂತೆ ಮರೆಮಾಡಿ, ಆ ಸುಳಿಗಳಿಂದಲೇ ಆಕೃತಿಗಳನ್ನು ನಿರ್ಮಿಸಿ, ಉಳಿದುದನ್ನು ಕುಂಚದಿಂದ ಪೂರೈಸಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಎಲುಬುಗೂಡಾದ ಕುದುರೆ ಮತ್ತು ಅದರ ಸವಾರನ ಇಂತಹ ಚಿತ್ರವೊಂದಿದೆ. ಕಾಗದ, ಬಣ್ಣ, ಮರೆಹಾಳೆ, ರೇಖೆ ಇವುಗಳನ್ನು ಒಂದೇ ಕೃತಿಯಲ್ಲಿ ಬೆರಸುವ ಸಾಹಸವನ್ನು ನಮ್ಮ ನಾಡಿನ ಕಲಾವಿದರು 17ನೆಯ ಶತಮಾನದಲ್ಲಿಯೇ ಮಾಡಿದ್ದರು.

ಬಣ್ಣದ ರಟ್ಟಿನ ಮತ್ತೊಂದು ಕವಲು ಗಂಜೀಫಾ. ವೃತ್ತಾಕಾರದ ರಟ್ಟಿನ ಎಲೆಗಳ ಮೇಲೆ ದಶಾವತಾರಾದಿ ಚಿತ್ರಗಳನ್ನು ಬರೆದು ಅರಗಿನ ಮೆರುಗು ಕೊಟ್ಟ ಈ ಆಟದ ಎಲೆಗಳು ಸಾವಂತವಾಡಿ, ಒಡಿಶಾ ಮೊದಲಾದ ಕಡೆಗಳಲ್ಲಿ ಪ್ರಸಿದ್ಧವಾಗಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು ಈ ಆಟವನ್ನು ಬಹುವಾಗಿ ವಿಸ್ತರಿಸಿ, ತಮ್ಮ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅದನ್ನು ನಿರೂಪಿಸಿದ್ದಾರೆ. ಅಂಗೈಯಗಲದ ರಟ್ಟಿನಲ್ಲಿ ದೇವತೆಗಳ ಲಕ್ಷಣವನ್ನು ಆಡುತ್ತಾ ಕಲಿಯುವುದು ಸಾಧ್ಯವಾಯಿತು.

ಇನ್ನು ಸಂಪುಟಗಳಿಗೆ ಒದಗಿದ ಗತಿಯನ್ನು ನೋಡೋಣ. ಶಾಹಜಹಾನನ ಜ್ಯೇಷ್ಠ ಪುತ್ರನಾದ ದಾರಾ ಶಿಕೋಹನು ತನ್ನ ಪತ್ನಿ ನಾದಿರಾ ಬಾನುವಿಗೆ ಒಂದು ಮುರಕ್ಕಾ ಸಂಪುಟವನ್ನು ಕಾಣಿಕೆಯಿತ್ತನು. ಹೂಗಳು, ಹಕ್ಕಿಗಳು, ಯುವಕ ಯುವತಿಯರು ಎದುರುಬದುರಿನ ಪುಟಗಳಲ್ಲಿ ಒಬ್ಬರನ್ನೊಬ್ಬರು ನೋಡುವಂತೆ ಚಿತ್ರಗಳನ್ನು ಅಲ್ಲಿ ಜೋಡಿಸಿದೆ. 1659ರಲ್ಲಿ ನಾದಿರಾ ಬಾನು ತೀರಿಕೊಂಡಳು; ಅದೇ ವರ್ಷ ಔರಂಗಜೇಬನು ದಾರಾನನ್ನು ಕೊಲ್ಲಿಸಿದನು. ಸಂಪುಟವು ರಾಜಭಂಡಾರಕ್ಕೆ ಸೇರಿದ ಮೇಲೆ ದಾರಾನ ಹೆಸರನ್ನು ಅದರಿಂದ ಅಳಿಸಲು ಯತ್ನಿಸಿದರು. ಆದರೂ ಕುರುಹೆಲ್ಲ ಅಳಿಯಲಿಲ್ಲ. ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿರುವ ಆ ಹೊತ್ತಗೆಯನ್ನು ತೆರೆದವರಿಗೆ, ಎದುರುಬದುರಾಗಿ ನಿಂತ ಆ ಜೋಡಿಗಳೇ ದಂಪತಿಗಳ ಸ್ನೇಹಕ್ಕೆ ಸಾಕ್ಷಿಯಾಗಿವೆ. ಸಾಕ್ಷಿಯಿರುವುದು ಒಂದೊಂದು ಚಿತ್ರದಲ್ಲಲ್ಲ, ಜೋಡಣೆಯಲ್ಲಿ ಎಂಬುದನ್ನು ವಾಚಕರು ಮನಗಾಣಬೇಕು.

ಇತರ ಸಂಪುಟಗಳಿಗೆ ಅಷ್ಟೂ ಭಾಗ್ಯವಿರಲಿಲ್ಲ. ಗುಲ್ಶನ್ ಸಂಪುಟದ ಬಹುಭಾಗವು ತೆಹರಾನಿನಲ್ಲಿದೆ. 1739ರಲ್ಲಿ ನಾದಿರ್ ಶಾಹನು ದಿಲ್ಲಿಯನ್ನು ಸೂರೆಮಾಡಿದಾಗ ಅದು ಇರಾನಿಗೆ ಹೋದುದಿರಬೇಕೆಂದು ಊಹಿಸುತ್ತಾರೆ. ಅನೇಕ ಹಾಳೆಗಳು ಬರ್ಲಿನ್ ಮೊದಲಾದ ನಗರಗಳಿಗೆ ಚದುರಿಹೋದುವು. ಮೊಗಲರ ಕಾಲದ ಹಾಳೆಗಳನ್ನೂ 19ನೆಯ ಶತಮಾನದ ಪ್ರತಿಗಳನ್ನೂ ಕೂಡಿಸಿ ಕಟ್ಟಿದ 50 ಹಾಳೆಗಳ ಒಂದು ಸಂಪುಟವು 1929ರಲ್ಲಿ ಸ್ಕಾಟ್ಲೆಂಡಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕಿತು. ಅದರಲ್ಲಿ 41 ಹಾಳೆಗಳು ಇಂದು ನ್ಯೂಯಾರ್ಕಿನಲ್ಲಿಯೂ 9 ಹಾಳೆಗಳು ವಾಷಿಂಗ್ಟನ್ನಿನಲ್ಲಿಯೂ ಇವೆ. ಸಂಪುಟವನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಬೆಲೆ ಬರುವುದೆಂಬುದು ವ್ಯಾಪಾರಿಗಳ ಲೆಕ್ಕ. ಚಿತ್ರ ಉಳಿಯುತ್ತದೆ, ನಿಜ. ಯಾವ ಚಿತ್ರದ ಎದುರಿಗೆ ಯಾವುದಿತ್ತೆಂಬ ಜ್ಞಾನವು ನಾಶವಾಗುತ್ತದೆ. ಕೌದಿಯ ಹೊಲಿಗೆ ಬಿಚ್ಚಿದರೆ ತುಂಡುಗಳೆಲ್ಲ ಇದ್ದರೂ ಹೊದೆಯಲು ಬಾರದು.

ಯುರೋಪಿನಲ್ಲಿ ಈ ಕಲೆ ಬೇರೆ ಹಾದಿಯಲ್ಲಿ ನಡೆಯಿತು. ಇಂಗ್ಲೆಂಡಿನ ಮೇರಿ ಡೆಲಾನಿ ಎಂಬ ವಿಧವೆಯು 1772ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ಬಣ್ಣದ ಕಾಗದವನ್ನು ಎಳೆ ಎಳೆಯಾಗಿ ಕತ್ತರಿಸಿ ಕಪ್ಪು ಹಾಳೆಯ ಮೇಲೆ ಅಂಟಿಸಿ ಹೂಗಿಡಗಳನ್ನು ರಚಿಸಲು ತೊಡಗಿದಳು. ಕಣ್ಣು ಮಂಜಾಗುವ ವರೆಗೆ, ಸುಮಾರು 10 ವರ್ಷಗಳಲ್ಲಿ, 985 ಚಿತ್ರಗಳಾದುವು. ಕೆಲವೆಡೆ ನಿಜವಾದ ಎಲೆಯನ್ನೇ ಕೂಡಿಸಿದ್ದುಂಟು. ಸಸ್ಯಶಾಸ್ತ್ರಜ್ಞರೂ ಮೆಚ್ಚಿದ ಆ ಸಂಪುಟಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ಕಾಲದ್ದು. 1769ರಲ್ಲಿ ಜೇಮ್ಸ್ ಗ್ರೇಂಜರನು ಇಂಗ್ಲೆಂಡಿನ ಮಹನೀಯರ ಚರಿತ್ರೆಯೊಂದನ್ನು ಪ್ರಕಟಿಸಿದ ತರುವಾಯ, ಅಂತಹ ಪುಸ್ತಕಗಳಿಗೆ ಸೇರಿಸಲು ಭಾವಚಿತ್ರಗಳನ್ನು ಬೇರೆ ಪುಸ್ತಕಗಳಿಂದ ಕತ್ತರಿಸುವ ಗೀಳು ಧನಿಕರಲ್ಲಿ ಹಬ್ಬಿತು. ಒಂದು ಗ್ರಂಥವನ್ನು ಸಿಂಗರಿಸಲು ಹತ್ತು ಗ್ರಂಥಗಳು ಅಂಗಹೀನವಾದುವು. ಕತ್ತರಿಯು ಯಾರ ಕೈಯಲ್ಲಿದೆ, ಯಾವುದರ ಮೇಲೆ ಆಡುತ್ತದೆ ಎಂಬುದರಲ್ಲಿಯೇ ಗುಣದೋಷಗಳೆರಡೂ ಇವೆ.

1860ರ ದಶಕದಲ್ಲಿ ಛಾಯಾಚಿತ್ರಗಳು ಅಗ್ಗವಾದಾಗ, ಲೇಡಿ ಫಿಲ್ಮರ್ ಮೊದಲಾದ ಸ್ತ್ರೀಯರು ಬಂಧುಮಿತ್ರರ ಮುಖಗಳನ್ನು ಕತ್ತರಿಸಿ, ತಾವೇ ಬಣ್ಣದಲ್ಲಿ ಬರೆದ ಕೋಣೆ ತೋಟಗಳ ನಡುವೆ ಅಂಟಿಸಿದರು. ಚಿತ್ರಪಟದ ಮೇಲೆ ಬೇರೆ ವಸ್ತುವನ್ನು ಅಂಟಿಸಿ ಪಿಕಾಸೊ ಕೀರ್ತಿ ಗಳಿಸಿದುದು 1912ರಲ್ಲಿ. ಅವನಿಗೆ ಕ್ರಾಂತಿಕಾರನೆಂಬ ಬಿರುದು. ಅರ್ಧ ಶತಮಾನದ ಹಿಂದೆಯೇ ಆ ಉಪಾಯವನ್ನು ಬಳಸಿದ ಸ್ತ್ರೀಯರದು ಕಾಲಕ್ಷೇಪ!

ಅಮೆರಿಕೆಯಲ್ಲಿ ಈ ಹವ್ಯಾಸವು ಎಷ್ಟು ಹಬ್ಬಿತೆಂದರೆ, ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನನು ಮೊದಲೇ ಗೋಂದು ಬಳಿದ ಹಾಳೆಗಳ ಹೊತ್ತಗೆಗೆ 1873ರಲ್ಲಿ ಪೇಟೆಂಟ್ ಪಡೆದನು, ಒದ್ದೆಮಾಡಿ ಒತ್ತಿದರಾಯಿತು. ಆದರೆ ಅಲ್ಲಿನ ಗಂಭೀರವಾದ ಕಾರ್ಯ ನಡೆದುದು ಕರಿಯ ಜನರ ಮನೆಗಳಲ್ಲಿ. ಬಿಳಿಯರ ಪತ್ರಿಕೆಗಳು ಅವರ ಸಾಧನೆಯನ್ನು ಒಂದು ಮೂಲೆಯಲ್ಲಿ ಮುದ್ರಿಸಿ ಮರೆಯುತ್ತಿದ್ದುವು. ಫಿಲಡೆಲ್ಫಿಯಾ ನಗರದ ವಿಲಿಯಂ ಡಾರ್ಸಿಯು ಅಂತಹ ಸುದ್ದಿಗಳನ್ನು ಬಾಳಿಡೀ ಕತ್ತರಿಸಿ ಸುಮಾರು 400 ಹೊತ್ತಗೆಗಳಲ್ಲಿ ಅಂಟಿಸಿಟ್ಟನು. ದಾಸ್ಯವಿಮೋಚನೆಯ ಧುರೀಣ ಫ್ರೆಡರಿಕ್ ಡಗ್ಲಸನ ಪುತ್ರರೂ ತಂದೆಯ ವಿಷಯದ ಬರಹಗಳನ್ನು ಹೀಗೆಯೇ ಕಾಪಾಡಿದರು. ತಮ್ಮ ಚರಿತ್ರೆಯನ್ನು ಬೇರೆಯವರು ಬರೆಯದಿದ್ದಾಗ, ಬೇರೆಯವರ ಕಾಗದದಿಂದಲೇ ಅವರು ಅದನ್ನು ರಚಿಸಿಕೊಂಡರು.

1980ರಲ್ಲಿ ಸಾಲ್ಟ್ ಲೇಕ್ ನಗರದ ಸಮ್ಮೇಳನವೊಂದರಲ್ಲಿ ಒಂದು ಕುಟುಂಬವು ತನ್ನ 50ಕ್ಕೂ ಮಿಕ್ಕ ಸಂಪುಟಗಳನ್ನು ಪ್ರದರ್ಶಿಸಿದ ಮೇಲೆ ಈ ಕಲೆಗೆ ಅಲ್ಲಿ ಹೊಸ ಹುರುಪು ಬಂದಿತು. ಇಂದು ಅಕ್ಷರ, ಹೂವು, ಚಕ್ರಗಳ ಆಕಾರದಲ್ಲಿ ಕತ್ತರಿಸಿದ ರಟ್ಟಿನ ತುಣುಕುಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅವಕ್ಕೆ ಸುಣ್ಣದಂತಹ ಬಿಳಿಯ ಲೇಪವನ್ನೂ ಮೇಲೆ ಬಣ್ಣವನ್ನೂ ಬಳಿದು ಭಾವಚಿತ್ರಗಳ ಪಕ್ಕದಲ್ಲಿ ಅಂಟಿಸುತ್ತಾರೆ. ನಮ್ಮ ನಗರಗಳ ಮನೆಗಳಲ್ಲಿಯೂ ಇದು ಕಾಣಬರುತ್ತಿದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. 1840ರ ದಶಕದಲ್ಲಿ ಮರವನ್ನು ಅರೆದು ಕಾಗದ ಮಾಡುವ ವಿಧಾನವು ಹೊರಟಿತು. ಮರದಲ್ಲಿರುವ ಲಿಗ್ನಿನ್ ಎಂಬ ವಸ್ತುವೂ, ಕಾಗದಕ್ಕೆ ಹಾಕುವ ಪಟಿಕದಿಂದುಂಟಾಗುವ ಆಮ್ಲವೂ ಕಾಲಕ್ರಮದಲ್ಲಿ ಹಾಳೆಯನ್ನು ಹಳದಿಯಾಗಿಸಿ ಹಪ್ಪಳದಂತೆ ಮುರಿಯುವಂತೆ ಮಾಡುತ್ತವೆ. ರದ್ದಿಯಿಂದಾದ ಅಗ್ಗದ ರಟ್ಟಿನ ಆಮ್ಲವು ನೆರೆಯ ಚಿತ್ರಕ್ಕೂ ಹರಡುತ್ತದೆ. ಚಿಂದಿಬಟ್ಟೆ, ನಾರುಗಳಿಂದ ಮಾಡಿದ ಹಳೆಯ ಕಾಗದದ ವಸ್ಲಿಯು 400 ವರ್ಷ ಬಾಳಿದುದಕ್ಕೂ, 40 ವರ್ಷದ ಹೊತ್ತಗೆ ಪುಡಿಯಾಗುವುದಕ್ಕೂ ಕಾರಣವಿದು. ಆಮ್ಲರಹಿತವೆಂದು ನಮೂದಿಸಿದ ಹಾಳೆ, ರಟ್ಟು, ಅಂಟುಗಳನ್ನೇ ಕೊಳ್ಳುವುದು ಶ್ರೇಯಸ್ಕರ.

ಕಡೆಯದಾಗಿ, ಅನ್ಯರು ರಚಿಸಿದುದನ್ನು ಕೂಡಿಸುವವನಿಗೆ ಯಾವ ಹಿರಿಮೆ ಎಂದು ಕೇಳುವವರಿಗೆ ನಮ್ಮ ಸಾಹಿತ್ಯವೇ ಉತ್ತರ ಹೇಳುತ್ತದೆ. 13ನೆಯ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಕೇಶಿರಾಜನ ತಂದೆಯಾದ ಮಲ್ಲಿಕಾರ್ಜುನನು ಪೂರ್ವಕವಿಗಳ ಪದ್ಯಗಳನ್ನು ವಿಷಯಾನುಸಾರವಾಗಿ ಆರಿಸಿ ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಒಂದನೆಯ ಗುಣವರ್ಮನ ಶೂದ್ರಕವು ಇಂದು ಪೂರ್ಣವಾಗಿ ದೊರೆಯದು. ಅದರ ಪದ್ಯಗಳು ಕೆಲವಾದರೂ ನಮಗೆ ದಕ್ಕಿರುವುದು ಇಂತಹ ಸಂಕಲನಗಳ ಉಪಕಾರದಿಂದ. ಮಲ್ಲಿಕಾರ್ಜುನನು ಪದ್ಯದಿಂದ ಮಾಡಿದುದನ್ನೇ ಅಂಟಿಸುವವರು ಕಾಗದದಿಂದ ಮಾಡುತ್ತಾರೆ.

ಆದುದರಿಂದ ಮನೆಯ ಅಟ್ಟದಲ್ಲಿಯೋ ಪೆಟ್ಟಿಗೆಯ ತಳದಲ್ಲಿಯೋ ಇಂತಹ ಹೊತ್ತಗೆ ಸಿಕ್ಕಿದರೆ, ಚೆನ್ನಾದ ಚಿತ್ರವನ್ನು ಮಾತ್ರ ಕಿತ್ತುಕೊಂಡು ಉಳಿದುದನ್ನು ರದ್ದಿಗೆ ಹಾಕುವ ಮುನ್ನ ಒಂದು ಗಳಿಗೆ ಯೋಚಿಸಬೇಕು. ಹಾಳೆಗಳಿಗೆ ಅನುಕ್ರಮವಾಗಿ ಅಂಕೆ ಹಾಕಿ, ಎದುರುಬದುರಿನ ಪುಟಗಳನ್ನು ಒಟ್ಟಿಗೆ ಛಾಯಾಚಿತ್ರ ತೆಗೆದು, ಒಣಗಿದ ನೆರಳಿನ ಸ್ಥಳದಲ್ಲಿ ಮಲಗಿಸಿಡಬೇಕು. ಎಲ್ಲಕ್ಕಿಂತ ಮೊದಲು, ಅದನ್ನು ಮಾಡಿದವರ ಹೆಸರನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಕೇಳಿ, ಮೊದಲ ಪುಟದಲ್ಲಿ ಬರೆದಿಡಬೇಕು.