ಮದ್ದು ಹೊತ್ತ ಕೊಬ್ಬಿನ ಗುಳ್ಳೆ

ಕಾಲಾ ಆಜಾರ್ ಎಂಬ ರೋಗದ ಹೆಸರನ್ನು ಉರ್ದು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಆಜಾರ್ ಎಂಬುದು ಫಾರಸಿಯಿಂದ ಬಂದ ಪದ. ಕಾಯಿಲೆ, ಯಾತನೆ ಎಂದರ್ಥ. ರೋಗಿಯ ಚರ್ಮ ಕಪ್ಪಾಗುವುದರಿಂದ ಇದು ಕಪ್ಪು ಕಾಯಿಲೆ. ಮರಳುನೊಣದ ಕಡಿತದಿಂದ ದೇಹ ಸೇರುವ ಸೂಕ್ಷ್ಮ ಪರಾವಲಂಬಿಯು ಗುಲ್ಮ, ಯಕೃತ್ತು ಮತ್ತು ಮೂಳೆಮಜ್ಜೆಯ ಭಕ್ಷಕ ಕೋಶಗಳ ಒಳಗೇ ಮನೆ ಮಾಡುತ್ತದೆ. ರೋಗಾಣುವನ್ನು ನುಂಗಬೇಕಾದ ಕಾವಲುಗಾರನ ಹೊಟ್ಟೆಯಲ್ಲೇ ಅದರ ವಾಸ! ಚಿಕಿತ್ಸೆ ಇಲ್ಲದಿದ್ದರೆ ಸಾವು ಬಹುತೇಕ ಖಚಿತ.

1920ರ ದಶಕದಲ್ಲಿ ಕಲ್ಕತ್ತೆಯ ಡಾ. ಉಪೇಂದ್ರನಾಥ ಬ್ರಹ್ಮಚಾರಿಯವರ ಯೂರಿಯಾ ಸ್ಟಿಬಮೈನ್ ಅಸಂಖ್ಯ ಜೀವಗಳನ್ನು ಉಳಿಸಿತು. ಅದು ಆಂಟಿಮನಿ ಲೋಹದ ಔಷಧ. ಆದರೆ 1990ರ ದಶಕದ ವೇಳೆಗೆ ಉತ್ತರ ಬಿಹಾರದಲ್ಲಿ ಅರ್ಧಕ್ಕೂ ಹೆಚ್ಚು ರೋಗಿಗಳಿಗೆ ಆಂಟಿಮನಿ ಔಷಧಗಳು ನಾಟದೆ ಹೋದವು. ಉಳಿದದ್ದು ಆಂಫೊಟೆರಿಸಿನ್ ಬಿ. ಅದು ರೋಗಾಣುವಿನ ಪೊರೆಯನ್ನು ತೂತು ಮಾಡುತ್ತದೆ, ನಿಜ. ಜೊತೆಗೆ ಚಳಿಜ್ವರ ತರುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ದಿನ ಬಿಟ್ಟು ದಿನ 15 ಬಾರಿ ರಕ್ತನಾಳಕ್ಕೆ ಹನಿಸಬೇಕು. ಅಂದರೆ 29 ದಿನ ಆಸ್ಪತ್ರೆಯ ಹಾಸಿಗೆ. ಕೂಲಿಯವನಿಗೆ ತಿಂಗಳ ಕೂಲಿಯೇ ಹೋಯಿತು.

ಔಷಧ ರೋಗಾಣುವನ್ನಷ್ಟೇ ಹುಡುಕಿ ಹೊಡೆಯಬೇಕು ಎಂಬುದು ಜರ್ಮನಿಯ ಪಾಲ್ ಎರ್ಲಿಕ್ 20ನೆಯ ಶತಮಾನದ ಆರಂಭದಲ್ಲೇ ಕಂಡ ಕನಸು. 'ಮಾಂತ್ರಿಕ ಗುಂಡು' ಎಂದು ಆತ ಅದನ್ನು ಕರೆದ. ಆದರೆ ಗುಂಡನ್ನು ಹೊತ್ತೊಯ್ಯುವ ವಾಹನ ಸಿಕ್ಕಿದ್ದು, ಅದನ್ನು ಹುಡುಕದೇ ಇದ್ದವರಿಗೆ. 1961ರಲ್ಲಿ ಕೇಂಬ್ರಿಜ್ ಬಳಿಯ ಬಾಬ್ರಹಾಮ್ ಸಂಸ್ಥೆಯಲ್ಲಿ ಅಲೆಕ್ ಬ್ಯಾಂಗಮ್ ಎಂಬ ರಕ್ತವಿಜ್ಞಾನಿ ತಮ್ಮ ಸಂಗಡಿಗ ಹಾರ್ನ್ ಜೊತೆ ಹೊಸ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫಾಸ್ಫೊಲಿಪಿಡ್ ಎಂಬ ಕೊಬ್ಬನ್ನು ನೋಡುತ್ತಿದ್ದರು. ನೀರಿಗೆ ಬಿದ್ದ ಆ ಕೊಬ್ಬು ಜೀವಕೋಶದ ಪೊರೆಯಂತೆ ಪದರು ಪದರಾಗಿ, ತಾನಾಗಿಯೇ ಗುಳ್ಳೆ ಕಟ್ಟಿಕೊಂಡಿತ್ತು. ಮುಂದೆ ಇದಕ್ಕೆ ಲೈಪೋಸೋಮ್ ಎಂಬ ಹೆಸರಾಯಿತು. 1970ರ ದಶಕದಲ್ಲಿ ಗ್ರೆಗೊರಿಯಾಡಿಸ್ ಮತ್ತಿತರರು ಇದರೊಳಗೆ ಔಷಧ ತುಂಬಲು ಹೊರಟರು.

ತೊಡಕು ಬೇರೆಯೇ ಇತ್ತು. ರಕ್ತಕ್ಕೆ ಬಿಟ್ಟ ಗುಳ್ಳೆಗಳನ್ನು ಗುಲ್ಮ, ಯಕೃತ್ತಿನ ಭಕ್ಷಕ ಕೋಶಗಳು ಹಿಡಿದು ನುಂಗಿಬಿಡುತ್ತಿದ್ದವು. ಕ್ಯಾನ್ಸರ್ ಗಡ್ಡೆಗೆ ಮದ್ದು ಕಳಿಸುವವರಿಗೆ ಇದು ದೊಡ್ಡ ತಲೆನೋವು. ಅವರು ಗುಳ್ಳೆಯ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರಿನ ಹೊದಿಕೆ ಹಾಕಿ ಕೋಶಗಳ ಕಣ್ಣು ತಪ್ಪಿಸಿದರು. 1995ರಲ್ಲಿ ಅಮೆರಿಕ ಒಪ್ಪಿದ ಡಾಕ್ಸಿಲ್ ಅಂಥದ್ದು. ಆದರೆ ಕಾಲಾ ಆಜಾರ್ ರೋಗಾಣು ಅಡಗಿರುವುದು ಆ ಭಕ್ಷಕ ಕೋಶಗಳಲ್ಲೇ ಅಲ್ಲವೇ? ಅಲ್ಲಿನ ದೋಷ ಇಲ್ಲಿ ವರವಾಯಿತು. 100 ನ್ಯಾನೊಮೀಟರಿಗಿಂತ ಚಿಕ್ಕ ಗುಳ್ಳೆಯ ಗೋಡೆಯಲ್ಲಿ ಆಂಫೊಟೆರಿಸಿನ್ ಕೂಡಿಸಿದ ಔಷಧ ಆಂಬಿಸೋಮ್. ಕೋಶ ಅದನ್ನು ನುಂಗುತ್ತದೆ, ಮದ್ದು ಶತ್ರುವಿನ ಮನೆಯೊಳಗೇ ಇಳಿಯುತ್ತದೆ. ಮೂತ್ರಪಿಂಡಕ್ಕೆ ತಗಲುವ ಪೆಟ್ಟು ಬಹಳ ಕಡಿಮೆ.

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಡಾ. ಶ್ಯಾಮಸುಂದರ್ ಮತ್ತು ಸಂಗಡಿಗರು ಬಿಹಾರದ ಮುಜಫ್ಫರಪುರದಲ್ಲಿ 412 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ 2010ರಲ್ಲಿ ಪ್ರಕಟವಾಯಿತು. ದೇಹತೂಕದ ಕಿಲೋಗೆ 10 ಮಿಲಿಗ್ರಾಂನಂತೆ ಒಂದೇ ಒಂದು ಬಾರಿ ಆಂಬಿಸೋಮ್ ಪಡೆದವರಲ್ಲಿ ಆರು ತಿಂಗಳ ನಂತರ 95.7 ಶೇಕಡಾ ಗುಣಮುಖರು. ಹಳೆಯ 15 ಬಾರಿಯ ಪದ್ಧತಿಯಲ್ಲಿ 96.3. ಒಂದು ತಿಂಗಳ ಹಾಸಿಗೆ ಒಂದು ದಿನಕ್ಕಿಳಿಯಿತು.

ಬೆಲೆಯ ಮಾತೂ ಇದೆ. 35 ಕಿಲೋ ತೂಕದ ರೋಗಿಗೆ 50 ಮಿಲಿಗ್ರಾಂನ ಏಳು ಸೀಸೆ ಬೇಕು. ಬಿಹಾರದ ಮುಸಹರ್ ಕೇರಿಯವರು ಕೊಳ್ಳುವ ಮಾತಲ್ಲ. ತಯಾರಕ ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ದಾನವಾಗಿ ಕೊಟ್ಟದ್ದರಿಂದಲೇ 2014ರ ಹೊತ್ತಿಗೆ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಅದು ಮೊದಲ ಆಯ್ಕೆಯ ಚಿಕಿತ್ಸೆಯಾಯಿತು. ಇನ್ನೊಂದು ತೊಂದರೆ, ಸೀಸೆಯನ್ನು 25 ಡಿಗ್ರಿ ಸೆಲ್ಸಿಯಸ್ ಮೀರದಂತೆ ಇಡಬೇಕು. ಬಿಹಾರದ ಮೇ ತಿಂಗಳಲ್ಲಿ!