ಹವಳದ ತೊಟ್ಟಿಯ ಪಾಚಿ: ಒಂದು ಚಾರಿತ್ರಿಕ ವಿವೇಚನೆ

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಮನೆಯೊಳಗೆ ಹವಳದ ಜೀವಿಗಳನ್ನು ಸಾಕುವ ಹವ್ಯಾಸಕ್ಕೆ ಪಾಚಿಯಷ್ಟು ಹಳೆಯ ವೈರಿ ಬೇರೊಂದಿಲ್ಲ. ಹಸುರು ನೂಲಿನಂತೆ ಕಲ್ಲಿಗೆ ಹತ್ತುವುದು ಇದರ ಒಂದು ಬಗೆ; ಕೆಂಪು ಲೋಳೆಯಾಗಿ ಮರಳಿನ ಮೇಲೆ ಹಾಸಿಕೊಳ್ಳುವುದು ಇನ್ನೊಂದು. ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವುದೆಲ್ಲವೂ ನಮಗೆ ಪಾಚಿಯೇ. ಆದರೆ ಈ ಎರಡನೆಯದು ಬೆಳಕಿನ ಬಲದಿಂದ ತನ್ನ ಆಹಾರವನ್ನು ತಾನೇ ಸಿದ್ಧಪಡಿಸಿಕೊಳ್ಳುವ ಬ್ಯಾಕ್ಟೀರಿಯ. ವಿಜ್ಞಾನಿಗಳೂ ಬಹುಕಾಲ ಅದನ್ನು ‘ನೀಲಿ-ಹಸುರು ಪಾಚಿ’ ಎಂದೇ ಕರೆಯುತ್ತಿದ್ದುದರಿಂದ ನಮ್ಮ ಭಾಷೆಯನ್ನು ದೂರಬೇಕಾದುದಿಲ್ಲ.

ಈ ಉಪದ್ರವವನ್ನು ಎದುರಿಸಿದವರ ಚರಿತ್ರೆಯನ್ನು ನೋಡಿದರೆ, ಪಾಚಿಯನ್ನು ಕೊಲ್ಲಹೊರಟವರಿಗಿಂತ ಅದರ ಆಹಾರವನ್ನು ಬೇರೆಡೆಗೆ ತಿರುಗಿಸಿದವರೇ ಹೆಚ್ಚು ಸಫಲರಾದರೆಂಬುದು ವ್ಯಕ್ತವಾಗುತ್ತದೆ. ಆ ಸಫಲತೆಗೆ ತೆತ್ತ ಬೆಲೆಯೂ ವಿಚಾರಾರ್ಹವಾದುದು.

ಆ್ಯನಾ ಥಿನ್ ಎಂಬ ಮಹಿಳೆ 1846ರಲ್ಲಿ ಇಂಗ್ಲೆಂಡಿನ ಟಾರ್ಕಿ ತೀರದಿಂದ ಹವಳದ ಜೀವಿಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದು ಸಾಕಿದರು. ನೀರು ಕೆಡದಿರಲೆಂದು ಅದನ್ನು ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಸುರಿಯಬೇಕಾಗಿತ್ತು. ಆ ದುಡಿಮೆ ಮನೆಗೆಲಸದ ಹುಡುಗಿಯ ಪಾಲಿನದು. ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ನನು 1849ರಲ್ಲಿ ಸಿಹಿನೀರಿನ ಪಾತ್ರೆಯೊಂದರಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಇರಿಸಿದನು. ಸಸ್ಯವು ಮೀನಿಗೆ ಆಮ್ಲಜನಕವನ್ನು ಒದಗಿಸಿತು. ಆದರೆ ಎಲೆಗಳು ಕೊಳೆತು, ಹಸುರು ಲೋಳೆ ಗಾಜಿಗೆ ಹತ್ತಿತು. ಅವನು ಕೆರೆಯ ಬಸವನಹುಳುಗಳನ್ನು ಬಿಟ್ಟ ಮೇಲೆ ಅವು ಲೋಳೆಯನ್ನೂ ಕೊಳೆತ ಎಲೆಯನ್ನೂ ತಿಂದು ತೊಟ್ಟಿಯನ್ನು ತಿಳಿಗೊಳಿಸಿದವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. 1850ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಸಸ್ಯ-ಪ್ರಾಣಿಗಳ ಸಮತೋಲಕ್ಕೆ ನಿದರ್ಶನವೆಂದು ಎಲ್ಲರೂ ಹೊಗಳುತ್ತಾರೆ. ಬಸವನಹುಳುವಿಲ್ಲದೆ ಆ ಸಮತೋಲ ನಿಲ್ಲುತ್ತಿರಲಿಲ್ಲವೆಂಬುದನ್ನು ಮಾತ್ರ ಹೊಗಳಿದವರಲ್ಲಿ ಹಲವರು ಮರೆತಂತಿದೆ.

ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮತ್ಸ್ಯಾಲಯದಲ್ಲಿ (1871) ಡಬ್ಲ್ಯು. ಎ. ಲಾಯ್ಡ್ ಬೇರೊಂದು ಉಪಾಯವನ್ನು ಅನುಸರಿಸಿದನು. ಪ್ರದರ್ಶನದ ತೊಟ್ಟಿಗಳಿಗಿಂತ ಎಷ್ಟೋ ಪಾಲು ದೊಡ್ಡದಾದ ನೆಲದಡಿಯ ಕತ್ತಲ ಜಲಾಶಯದ ಮೂಲಕ ನೀರನ್ನು ಸದಾ ಸುತ್ತಿಸಿದನು. ಬೆಳಕಿಲ್ಲದೆಡೆ ಪಾಚಿ ಬೆಳೆಯದು. ಆದರೆ ಹವಳಕ್ಕೆ ಬೆಳಕು ಬೇಕು; ಆದುದರಿಂದ ಈ ಉಪಾಯ ಅಲ್ಲಿಗೇ ನಿಂತಿತು.

ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ಬ್ಯಾಕ್ಟೀರಿಯಗಳು ನೈಟ್ರೇಟಾಗಿ ಮಾರ್ಪಡಿಸುವ ಕ್ರಮವು 1890ರ ಸುಮಾರಿಗೆ ವಿನೋಗ್ರಾಡ್ಸ್ಕಿಯ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಮೀನಿಗೆ ನಿರಪಾಯಕರವಾದ ಈ ನೈಟ್ರೇಟೇ ಪಾಚಿಗೆ ಗೊಬ್ಬರ. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಜೀವಿಗಳಿಂದ ತುಂಬಿದ ಸಮುದ್ರದ ಕಲ್ಲುಗಳೂ ಗಾಳಿಗುಳ್ಳೆಗಳೂ ಹೊರತು ಬೇರೆ ಸಲಕರಣೆಯೇ ಇಲ್ಲ. ಅಂಥ ಕಲ್ಲಿನ ಒಳಪದರಗಳಲ್ಲಿ ಆಮ್ಲಜನಕ ವಿರಳ. ಅಲ್ಲಿನ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಕ್ಕೆ ಬಿಡುತ್ತವೆ. ಬರ್ಲಿನ್ನಿನ ಹವ್ಯಾಸಿಗಳು ಇಂಥ ಕಲ್ಲಿನೊಡನೆ, ಕೊಳೆಯುವ ಮುನ್ನವೇ ಕಲ್ಮಷವನ್ನು ನೊರೆಯಾಗಿ ತೆಗೆಯುವ ಯಂತ್ರವನ್ನು ಸೇರಿಸಿದರು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿಯಂತೂ ಪಾಚಿಯನ್ನೇ ಪಾಚಿಗೆ ಎದುರಾಗಿ ನಿಲ್ಲಿಸಿದನು: ಪ್ರಖರವಾದ ಬೆಳಕಿನಡಿಯ ಜಾಲರಿಯ ಮೇಲೆ ಅದನ್ನು ಬೆಳೆಸಿ, ಆಗಾಗ ಕೆರೆದು ಎಸೆದರೆ ಗೊಬ್ಬರವೂ ಅದರೊಡನೆ ಹೋಗುತ್ತದೆ. ಈ ವಿಧಾನಕ್ಕೆ 1982ರಲ್ಲಿ ಪೇಟೆಂಟ್ ದೊರೆಯಿತು. ಪಾಚಿ ಬೆಳೆಯಲಿ, ಆದರೆ ನಾವು ಹೇಳಿದ ಕಡೆ ಬೆಳೆಯಲಿ ಎಂಬ ಈ ಧೋರಣೆ ನನಗೆ ಎಲ್ಲಕ್ಕಿಂತ ಜಾಣತನದ್ದಾಗಿ ತೋರುತ್ತದೆ.

ಕೊಲ್ಲುವ ಮಾರ್ಗವೂ ಉಂಟು. ತಾಮ್ರದ ಲವಣ ಪಾಚಿಯನ್ನು ನಾಶಪಡಿಸುತ್ತದೆ. ಹವಳವನ್ನೂ ಬಸವನಹುಳುವನ್ನೂ ಉಳಿಸದು. ಎರಿತ್ರೋಮೈಸಿನ್ ಔಷಧದಿಂದ ಕೆಂಪು ಲೋಳೆ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ. ಆದರೆ ಸತ್ತ ಲೋಳೆ ಕೊಳೆತು ಅದೇ ಗೊಬ್ಬರವನ್ನು ನೀರಿಗೆ ಮರಳಿಸುವುದರಿಂದ ಅದು ಮತ್ತೆ ತಲೆಯೆತ್ತುವುದುಂಟು. ಇದಕ್ಕೆ ವಿರುದ್ಧವಾಗಿ, ನೀರಿಗೆ ತೊಟ್ಟುತೊಟ್ಟಾಗಿ ವೋಡ್ಕ ಮದ್ಯ ಬೆರಸುವ ಪದ್ಧತಿ ಹಾಸ್ಯಾಸ್ಪದವಾಗಿ ಕಂಡರೂ ತರ್ಕಬದ್ಧವಾದುದು: ಮದ್ಯಸಾರದ ಇಂಗಾಲವನ್ನುಂಡ ಬ್ಯಾಕ್ಟೀರಿಯಗಳು ಹೆಚ್ಚಿ, ನೈಟ್ರೇಟ್-ಫಾಸ್ಫೇಟುಗಳನ್ನು ಹೀರಿ, ನೊರೆಯೊಡನೆ ಹೊರಬೀಳುತ್ತವೆ. ಪ್ರಮಾಣ ಮೀರಿದರೆ ಅವೇ ಆಮ್ಲಜನಕವನ್ನು ಮುಗಿಸಿ ಮೀನುಗಳನ್ನು ಉಸಿರುಗಟ್ಟಿಸುತ್ತವೆ.

ಇನ್ನು ತೆತ್ತ ಬೆಲೆಯ ವಿಷಯ. ಕಲ್ಮಷವನ್ನು ಹೀರಲೆಂದೂ ಅಂದಕ್ಕೆಂದೂ ತೊಟ್ಟಿಗಳಲ್ಲಿ ಬೆಳೆಸುತ್ತಿದ್ದ ಕಾಲರ್ಪ ಟ್ಯಾಕ್ಸಿಫೋಲಿಯ ಎಂಬ ಕಡಲಪಾಚಿ 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಸಮುದ್ರದಲ್ಲಿ ಸುಮಾರು ಒಂದು ಚದರ ಮೀಟರಿನಷ್ಟು ಜಾಗದಲ್ಲಿ ಕಂಡುಬಂದಿತು. ಆಗಲೇ ಕಿತ್ತಿದ್ದರೆ ಮುಗಿಯುತ್ತಿತ್ತೋ ಏನೋ. ಅಲೆಕ್ಸಾಂಡ್ರ್ ಮೆನೆಸ್ ಎಂಬ ಜೀವವಿಜ್ಞಾನಿ ಎಚ್ಚರಿಸುತ್ತಿದ್ದಂತೆಯೇ ಅದು ಮೆಡಿಟರೇನಿಯನ್ ತೀರದುದ್ದಕ್ಕೂ ಹಬ್ಬಿತು. 2000ರಲ್ಲಿ ಅದು ಕ್ಯಾಲಿಫೋರ್ನಿಯದಲ್ಲಿಯೂ ಕಾಣಿಸಿಕೊಂಡಾಗ, ಅಲ್ಲಿಯವರು ಅದರ ಮೇಲೆ ಟಾರ್ಪಾಲು ಹೊದಿಸಿ ಅಡಿಗೆ ಕ್ಲೋರಿನ್ ಹಾಯಿಸಿದರು. ನಿರ್ಮೂಲವಾಯಿತೆಂದು ಸಾರಲು 2006 ಬರಬೇಕಾಯಿತು. ಅದನ್ನೂ ಅದನ್ನು ಹೋಲುವ ಹಲವು ಜಾತಿಗಳನ್ನೂ ಮಾರುವುದನ್ನೂ ಇಟ್ಟುಕೊಳ್ಳುವುದನ್ನೂ ಆ ರಾಜ್ಯ 2001ರಲ್ಲಿಯೇ ನಿಷೇಧಿಸಿತ್ತು. ಅನೇಕ ಹವ್ಯಾಸಿಗಳು ಈಗ ಅದರ ಬದಲು ಕೀಟೊಮಾರ್ಫವೆಂಬ, ಕಲ್ಲಿಗೆ ಬೇರೂರದೆ ತೇಲುವ ನೂಲುಪಾಚಿಯನ್ನು ಬೆಳೆಸಿ, ಹಿಡಿಹಿಡಿಯಾಗಿ ತೆಗೆದು ಎಸೆಯುತ್ತಾರೆ.